ನಾನು ಮಾಡಿದ ಬಾಣಂತನ

ಮಗಳ ಬಾಣಂತನಕ್ಕೆಂದು ನಮ್ಮ ಮನೆಯಾಕೆ ಮೈಸೂರಿನಿಂದ ಹುಬ್ಬಳ್ಳಿಗೆ ಹೊರಟು ನಿಂತಾಗ ನನಗೆ ಒಪ್ಪಿಸಿದ ಜವಾಬ್ದಾರಿಗಳು ಮೂರು: ತುಳಸಿಗೆ ನೀರು, ಹಾಲಿನವನ ಲೆಕ್ಕ, ಮತ್ತು ಗೌರಿ. ಮೊದಲೆರಡರ ವಿಷಯದಲ್ಲಿ ಆಕೆಗೆ ನನ್ನ ಮೇಲೆ ಅಷ್ಟಿಷ್ಟು ನಂಬಿಕೆಯಿತ್ತು. ಮೂರನೆಯದನ್ನು ಕುರಿತು ಮಾತ್ರ ರೈಲು ಹೊರಡುವವರೆಗೂ ಕಿಟಕಿಯಿಂದ ಸೂಚನೆಗಳು ಬರುತ್ತಲೇ ಇದ್ದವು. ಅವುಗಳಲ್ಲಿ ಕೊನೆಯದು: “ಕಾರು ತೆಗೆಯೋ ಮುಂಚೆ ಬಾನೆಟ್ಟಿನ ಮೇಲೆ ಎರಡು ಸಲ ಬಡೀರಿ. ಮಳೆ ಬಂದರೆ ಅದು ಅಲ್ಲೇ ಹೋಗಿ ಮಲಗುತ್ತೆ.” ಮೂವತ್ತೆರಡು ವರ್ಷ ಪಾಠ ಹೇಳಿದವನಿಗೆ ಪಾಠ ಕೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ. ನಾನು ನಕ್ಕು ಕೈ ಬೀಸಿದೆ.

ಗೌರಿ ನಮ್ಮ ಮನೆಯ ಬೆಕ್ಕು. ಗೌರಿಹಬ್ಬದ ದಿನ ತಾನಾಗಿ ಬಂದು ಹೊಸ್ತಿಲಲ್ಲಿ ಕುಳಿತದ್ದರಿಂದ ಆ ಹೆಸರು. ‘ನಮ್ಮ ಮನೆಯ’ ಎಂದೆನಾದರೂ ಸತ್ಯವಾಗಿ ಅದು ನಮ್ಮಾಕೆಯ ಬೆಕ್ಕು. ನನಗೂ ಅದಕ್ಕೂ ಇದ್ದ ಸಂಬಂಧ, ಒಂದೇ ಆರಾಮಕುರ್ಚಿಗೆ ಹಕ್ಕು ಹೂಡಿದ ಇಬ್ಬರು ಪಾಲುದಾರರ ಸಂಬಂಧ. ಅದು ಎದ್ದಾಗ ನಾನು ಕುಳಿತುಕೊಳ್ಳುತ್ತಿದ್ದೆ.

ಆಷಾಢದ ಒಂದು ಬೆಳಗ್ಗೆ ಜಿಟಿಜಿಟಿ ಮಳೆ. ಬ್ಯಾಂಕಿಗೆ ಹೋಗುವ ಅವಸರದಲ್ಲಿ ಕಾರನ್ನು ಹಿಂದಕ್ಕೆ ತೆಗೆದೆ. ಆಮೇಲೆ ಕೇಳಿಸಿದ ಕೂಗನ್ನು ವರ್ಣಿಸಲಾರೆ. ಇಳಿದು ನೋಡುವ ಹೊತ್ತಿಗೆ ಗೌರಿ ಮುಂಗಾಲುಗಳೆರಡರ ಬಲದಿಂದಲೇ ತನ್ನನ್ನು ಎಳೆದುಕೊಂಡು ಹೂಕುಂಡಗಳ ಸಂದಿಗೆ ಸರಿಯುತ್ತಿತ್ತು. ಹಿಂಗಾಲುಗಳು ಬೇರೆ ಯಾರದೋ ಎಂಬಂತೆ ಹಿಂದೆ ಬರುತ್ತಿದ್ದವು. ಅಂಡು ಸುಟ್ಟ ಬೆಕ್ಕಿನಂತೆ ಓಡಾಡುವುದೆಂದು ತರಗತಿಯಲ್ಲಿ ಎಷ್ಟು ಹುಡುಗರನ್ನು ಬೈದಿದ್ದೆನೋ. ಓಡಲಾರದ ಬೆಕ್ಕನ್ನು ನಾನು ಕಂಡದ್ದು ಅಂದೇ.

ಎತ್ತಿಕೊಳ್ಳಲು ಹೋದವನ ಕೈಗೆ ಹಲ್ಲು ನಾಟಿತು. ಅದು ನ್ಯಾಯವೂ ಆಗಿತ್ತು. ಪಕ್ಕದ ಮನೆಯವರು ಸದ್ದು ಕೇಳಿ ಓಡಿ ಬಂದರು. ರಟ್ಟಿನ ಪೆಟ್ಟಿಗೆಯೊಂದರ ಒಂದು ಬದಿಯನ್ನು ಕತ್ತರಿಸಿ, ಟವೆಲನ್ನು ಮೈಯಡಿಗೆ ಮೆಲ್ಲನೆ ತೂರಿಸಿ, ಬೆನ್ನು ಬಾಗದಂತೆ ಗೌರಿಯನ್ನು ಅದರೊಳಕ್ಕೆ ಜಾರಿಸಿದವರು ಅವರೇ. ಅದರೊಡನೆ ಮನೆಯಿಂದ ಒಂದು ಮಾತ್ರೆಯನ್ನೂ ತಂದಿದ್ದರು. “ಮೇಷ್ಟ್ರೇ, ಅರ್ಧ ಪ್ಯಾರಸಿಟಮಾಲ್ ಅರೆದು ಹಾಲಿನಲ್ಲಿ ಹಾಕಿ. ನೋವು ತಗ್ಗುತ್ತೆ, ಪಾಪ.” ನಾನು ಹಾಕಿಯೇಬಿಡುತ್ತಿದ್ದೆ. ಬಾಯಿ ತೆರೆಯುವ ಸ್ಥಿತಿಯಲ್ಲಿ ಬೆಕ್ಕು ಇರಲಿಲ್ಲವಾದ್ದರಿಂದ ಅದು ಬದುಕಿತು.

ಈ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಪಶುವೈದ್ಯೆ, ನನ್ನ ಮಗಳ ವಯಸ್ಸಿನ ಹುಡುಗಿ, ಆ ಮಾತ್ರೆಯ ಸುದ್ದಿ ಕೇಳಿ ಕೈಯಲ್ಲಿದ್ದ ಸ್ಟೆತೊಸ್ಕೋಪನ್ನು ಕೆಳಗಿಟ್ಟರು. ನಮ್ಮ ಯಕೃತ್ತು ಸುಲಭವಾಗಿ ಕಳೆದುಬಿಡುವ ಆ ಔಷಧವನ್ನು ಕಳೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆಯಂತೆ. ಅದು ವಿಷವಾಗಿ ಮಾರ್ಪಟ್ಟು ರಕ್ತವನ್ನು ಕೆಡಿಸುತ್ತದೆ. ಕೆಂಪಾಗಿರಬೇಕಾದ ರಕ್ತ ಕಂದುಬಣ್ಣಕ್ಕೆ ತಿರುಗಿ ಪ್ರಾಣವಾಯುವನ್ನು ಹೊರಲಾರದೆ ಹೋಗುತ್ತದೆ. ನಾವು ತಲೆನೋವಿಗೆ ನುಂಗುವ ಒಂದು ಮಾತ್ರೆ ಒಂದು ಬೆಕ್ಕಿನ ಪ್ರಾಣಕ್ಕೆ ಸಾಕು.

ಎಕ್ಸ್‌ರೇ ತೆಗೆಯಲು ನಾನು ಅವಸರಪಡಿಸಿದೆ. ಆಕೆ ಒಪ್ಪಲಿಲ್ಲ. “ಮೂಳೆ ಕಾಯುತ್ತೆ ಸಾರ್, ಉಸಿರು ಕಾಯಲ್ಲ” ಎಂದು ವಸಡಿನ ಬಣ್ಣ ನೋಡಿದರು, ಎದೆಗೆ ಕಿವಿಗೊಟ್ಟರು, ಮೈ ಬೆಚ್ಚಗೆ ಮಾಡಿದರು, ನೋವಿಗೆ ಸೂಜಿ ಹಾಕಿದರು. ಕಾರಿನ ಪೆಟ್ಟು ತಿಂದ ಬೆಕ್ಕುಗಳಲ್ಲಿ ಕೆಲವಕ್ಕೆ ಎದೆಗೂ ಹೊಟ್ಟೆಗೂ ನಡುವಿನ ಪರದೆ ಹರಿದಿರುತ್ತದಂತೆ, ಕೆಲವಕ್ಕೆ ಮೂತ್ರಕೋಶ ಒಡೆದಿರುತ್ತದಂತೆ. ಹೊರಗೆ ಗಾಯವಿಲ್ಲವೆಂದು ಸಮಾಧಾನಪಡುವಂತಿಲ್ಲ. ಕಾಲ್ಬೆರಳನ್ನು ಚಿವುಟಿದಾಗ ಗೌರಿ ಕಾಲನ್ನು ಎಳೆದುಕೊಂಡಿತು, ತಿರುಗಿ ವೈದ್ಯೆಯನ್ನು ದುರುಗುಟ್ಟಿ ನೋಡಿತು. ಆ ಕೋಪವನ್ನು ಕಂಡು ಆಕೆಯ ಮುಖ ಅರಳಿತು. ನರಗಳಲ್ಲಿ ಜೀವವಿದೆ ಎಂದರು.

ಮರುದಿನದ ಚಿತ್ರದಲ್ಲಿ ಸೊಂಟದ ಮೂಳೆ ಮೂರು ಕಡೆ ಮುರಿದದ್ದು ಕಂಡಿತು. ಮೂರು ಕಡೆಯೇ ಎಂದು ನಾನು ಹೌಹಾರಿದೆ. “ಬಳೆ ಎಲ್ಲಾದರೂ ಒಂದೇ ಕಡೆ ಮುರಿಯುತ್ತಾ ಸಾರ್?” ಎಂದು ಆಕೆ ಕೇಳಿದರು. ಸೊಂಟವೂ ಬಳೆಯಂತೆಯೇ. ತೊಡೆಯ ಮೂಳೆ ಕೂಡುವ ಗುಣಿ ಮುಕ್ಕಾಗಿರಲಿಲ್ಲ, ತುಂಡುಗಳು ದೂರ ಸರಿದಿರಲಿಲ್ಲ. ಇಂಥಲ್ಲಿ ಶಸ್ತ್ರಚಿಕಿತ್ಸೆ ಬೇಡ. ಸುತ್ತಲಿನ ದಪ್ಪ ಸ್ನಾಯುಗಳೇ ಪಟ್ಟಿ ಕಟ್ಟಿದಂತೆ ಮೂಳೆಯನ್ನು ಹಿಡಿದಿರುತ್ತವೆ. ಬೇಕಾದದ್ದು ಆರು ವಾರದ ಪಂಜರವಾಸ. ಜಿಗಿಯುವಂತಿಲ್ಲ, ಹತ್ತುವಂತಿಲ್ಲ, ಓಡುವಂತಿಲ್ಲ. ಮೂತ್ರ ಹೋಗುತ್ತಿದೆಯೇ, ಮಲ ಹೋಗುತ್ತಿದೆಯೇ ಎಂಬುದನ್ನು ದಿನವೂ ಬರೆದಿಡಬೇಕು. ಸೊಂಟದ ದಾರಿ ಕಿರಿದಾಗಿ ಕೂಡಿಕೊಂಡರೆ ಮಲಬದ್ಧತೆ ಜೀವನಪರ್ಯಂತ ಕಾಡಬಹುದು. ಹೆಣ್ಣುಬೆಕ್ಕಿಗೆ ಹೆರಿಗೆಯೂ ಅಪಾಯ. ಆದ್ದರಿಂದ ಗುಣವಾದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸಿಬಿಡಿ ಎಂದೂ ಹೇಳಿದರು.

ಹೀಗೆ ಹುಬ್ಬಳ್ಳಿಯಲ್ಲಿ ಒಂದು ಬಾಣಂತನ, ಮೈಸೂರಿನಲ್ಲಿ ಇನ್ನೊಂದು. ಅಲ್ಲಿ ಕೂಸು ಎಷ್ಟು ಸಲ ಒದ್ದೆ ಮಾಡಿಕೊಂಡಿತೆಂಬ ಲೆಕ್ಕ ರಾತ್ರಿ ಫೋನಿನಲ್ಲಿ ನನಗೆ ಬರುತ್ತಿತ್ತು. ನನ್ನ ಲೆಕ್ಕದ ಪುಸ್ತಕವೂ ಮಡಿಲಲ್ಲೇ ಇರುತ್ತಿತ್ತು, ಓದುವ ಧೈರ್ಯವಿರಲಿಲ್ಲ. “ಗೌರಿ ಏನು ಮಾಡ್ತಿದೆ?” “ಮಲಗಿದೆ.” ಸುಳ್ಳಲ್ಲ. ಧರ್ಮರಾಯ ಅಶ್ವತ್ಥಾಮನ ಸುದ್ದಿ ಹೇಳಿದ ಧಾಟಿ ನನಗೂ ಒಲಿಯಿತು.

ಯಾರದೋ ನಾಯಿಯ ಪಂಜರ ಎರವಲು ಸಿಕ್ಕಿತು. ಅಂಚು ತಗ್ಗಾದ ತಗಡಿನ ತಟ್ಟೆಯಲ್ಲಿ ಹಳೆಯ ಪತ್ರಿಕೆಗಳನ್ನು ಹರಿದು ಹಾಕುತ್ತಿದ್ದೆ. ಭಾನುವಾರದ ಪುರವಣಿಗಳೂ ಅದರಲ್ಲಿ ಸೇರಿದ್ದವೆಂಬುದನ್ನು ಸಂಪಾದಕರು ಕ್ಷಮಿಸಬೇಕು. ಕುಳಿತುಕೊಳ್ಳಲಾರದೆ ತನ್ನನ್ನೇ ಕೊಳೆ ಮಾಡಿಕೊಂಡಾಗ ಬಿಸಿನೀರಿನ ಬಟ್ಟೆಯಿಂದ ಹಿಂಗಾಲುಗಳನ್ನು ಒರೆಸಬೇಕು. ಬೆಕ್ಕಿನಷ್ಟು ಮಡಿವಂತ ಪ್ರಾಣಿಗೆ ಮೂಳೆಯ ನೋವಿಗಿಂತ ಆ ಅವಮಾನವೇ ಹೆಚ್ಚೇನೋ, ಒರೆಸುವಾಗ ಅದು ಗೋಡೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿತ್ತು. ನಾನೂ ಬೇರೆಲ್ಲೋ ನೋಡುತ್ತಿದ್ದೆ.

ನಿಜವಾದ ಭಯ ಬಂದದ್ದು ಊಟದಿಂದ. ಮೂರು ದಿನ ಗೌರಿ ಏನನ್ನೂ ಮುಟ್ಟಲಿಲ್ಲ. ಉಪವಾಸ ನಮ್ಮಲ್ಲಿ ವ್ರತ. ಬೆಕ್ಕಿಗೆ ಅದು ಮೃತ್ಯು. ಕೆಲವೇ ದಿನ ಆಹಾರ ತಪ್ಪಿದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದನ್ನೇ ಸ್ತಬ್ಧಗೊಳಿಸುತ್ತದೆ. ಹಾಲು, ಮೊಸರನ್ನ, ತುಪ್ಪದ ಅನ್ನ, ಯಾವುದಕ್ಕೂ ಮೂಗು ಕೂಡ ತಿರುಗಲಿಲ್ಲ. ವೈದ್ಯೆಯನ್ನು ಕೇಳಿದೆ. ಬೆಕ್ಕು ಮಾಂಸಾಹಾರದಿಂದಲೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಸತ್ವ ಅದಕ್ಕೆ ಬೇಕೇ ಬೇಕು, ಅದು ಸಸ್ಯಾಹಾರದಲ್ಲಿ ಸಿಕ್ಕುವುದಿಲ್ಲ. ಅದು ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂದು 1987ರಲ್ಲಿಯೇ ವಿಜ್ಞಾನಿಗಳು ತೋರಿಸಿದ್ದಾರೆ. ಬಹಳ ಬೆಕ್ಕುಗಳಿಗೆ ದೊಡ್ಡವಾದ ಮೇಲೆ ಹಾಲು ಜೀರ್ಣವಾಗುವುದೂ ಇಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದು ಬರಿಯ ಬಿಸಿಯ ನೆನಪಿನಿಂದಲ್ಲವೇನೋ! ನಮ್ಮ ಗೌರಿ ಇಷ್ಟು ವರ್ಷ ಬದುಕಿದ್ದು ನಮ್ಮ ಅನ್ನದಿಂದಲ್ಲ, ಹಿತ್ತಲಿನ ಇಲಿಗಳಿಂದ.

ಅಂದು ಸಂಜೆ, ಅರವತ್ತಾರರ ವಯಸ್ಸಿನಲ್ಲಿ, ಮೊದಲ ಬಾರಿಗೆ ಮೀನಿನ ಅಂಗಡಿಯ ಮುಂದೆ ನಿಂತೆ. ಎಷ್ಟು ಬೇಕೆಂದು ಕೇಳಿದರೆ ಹೇಳಲು ತಿಳಿಯಲಿಲ್ಲ. ಹಿತ್ತಲಿನಲ್ಲಿ ಇಟ್ಟಿಗೆಯ ಒಲೆ ಹೂಡಿ ಬೇಯಿಸಿ, ಮುಳ್ಳು ತೆಗೆದು, ಬೆಚ್ಚಗಿರುವಾಗಲೇ ಬೆರಳ ತುದಿಯಲ್ಲಿ ಹಿಡಿದೆ. ಗೌರಿ ನೋಡಿತು, ಮುಖ ತಿರುಗಿಸಿತು.

ಆ ರಾತ್ರಿ ಫೋನು ಬಂದಾಗ ಎಲ್ಲವನ್ನೂ ಹೇಳಿಬಿಟ್ಟೆ. ಬಾನೆಟ್ಟು ಬಡಿಯಲಿಲ್ಲವೆಂಬುದನ್ನೂ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ, ಕೂಸು ಅಳುವುದಷ್ಟೇ ಕೇಳುತ್ತಿತ್ತು. ಕೊನೆಗೆ, “ಬಾಗಿಲ ಹಿಂದಿನ ಮೊಳೆಗೆ ನನ್ನ ಹಳೇ ನೂಲಿನ ಸೀರೆ ಇದೆ. ಒಗೆದದ್ದಲ್ಲ, ಹಾಗೇ ಇರಲಿ. ಅದನ್ನ ಹಾಸಿ, ಆಮೇಲೆ ಕೊಡಿ” ಎಂದು ಫೋನಿಟ್ಟರು.

ಸೀರೆ ಹಾಸಿದೆ. ಗೌರಿ ಅದರ ಮಡಿಕೆಯೊಳಗೆ ಮೂಗಿಟ್ಟು ಮಲಗಿತು. ನಡುರಾತ್ರಿ ಕಳೆದ ಮೇಲೆ ಮೀನನ್ನು ಮತ್ತೆ ಬೆಚ್ಚಗೆ ಮಾಡಿ ಹಿಡಿದಾಗ ಒಂದು ಚೂರು ನೆಕ್ಕಿತು. ಆಮೇಲೆ ಇನ್ನೊಂದು. ನನ್ನ ಬೆರಳಿಗೆ ಅದರ ಒರಟು ನಾಲಗೆ ತಗುಲಿದ್ದು ಅದೇ ಮೊದಲು.

ನಾಲ್ಕನೆಯ ವಾರದಿಂದ ಕಷ್ಟ ಬೇರೆ ರೂಪ ತಾಳಿತು. ನೋವು ಇಳಿದ ಬೆಕ್ಕಿಗೆ ಪಂಜರದ ಅರ್ಥ ತಿಳಿಯುವುದಿಲ್ಲ. ಬೆಳಗಿನ ಜಾವದಿಂದ ಸರಳು ಕೆರೆಯುವುದು, ಕೂಗುವುದು. ಬಿಟ್ಟುಬಿಡೋಣವೆಂದು ಎರಡು ಸಲ ಚಿಲಕಕ್ಕೆ ಕೈ ಹಾಕಿ ತೆಗೆದೆ. ಪಕ್ಕದಲ್ಲಿ ಚಾಪೆ ಹಾಸಿ ಮಲಗುವುದೇ ನನಗೆ ಅಭ್ಯಾಸವಾಯಿತು. ಆರಾಮಕುರ್ಚಿ ಖಾಲಿಯಿತ್ತು, ಕುಳಿತುಕೊಳ್ಳಬೇಕೆನಿಸಲಿಲ್ಲ.

ಆರು ವಾರ ತುಂಬಿದ ಮೇಲೆ ತೆಗೆದ ಚಿತ್ರದಲ್ಲಿ ಮುರಿದ ಕಡೆಗಳಲ್ಲಿ ಹೊಸ ಮೂಳೆ ಮೋಡದಂತೆ ಕಟ್ಟಿಕೊಂಡಿತ್ತು. ಬಾಗಿಲು ತೆರೆದೆ. ಗೌರಿ ನಾಲ್ಕು ಹೆಜ್ಜೆ ನಡೆದು, ಓಲಾಡಿ, ಕುಳಿತು, ಮೈ ನೆಕ್ಕಿಕೊಂಡಿತು. ಕಿಟಕಿಗೆ ಹಾರಲು ನೋಡಿ ತಪ್ಪಿದಾಗ ಕೆಳಗೊಂದು ಕಾಲ್ಮಣೆ ಇಟ್ಟೆ.

ಮನೆಯಾಕೆ ಬಂದದ್ದು ದಸರೆಗೆ ಮುಂಚೆ. ಚೀಲವನ್ನು ಇಳಿಸುವ ಮೊದಲೇ ಗೌರಿಯನ್ನು ಎತ್ತಿಕೊಂಡು ಸೊಂಟವನ್ನು ಎರಡು ಕೈಯಲ್ಲೂ ತಡವಿ ನೋಡಿದರು. ನನಗೇನೂ ಹೇಳಲಿಲ್ಲ. ಒಳಗೆ ಹೋಗಿ, “ಅಡಿಗೆಮನೆ ಯಾಕ್ರೀ ಮೀನು ನಾರುತ್ತೆ?” ಎಂದು ಕೇಳಿದರು.

ಗೌರಿ ಈಗಲೂ ಬಲಗಾಲನ್ನು ಕೊಂಚ ಹೊರಗೆ ಹಾಕಿ ನಡೆಯುತ್ತದೆ. ಮಳೆ ಬಂದರೆ ಕಾರಿನ ಅಡಿಗೆ ಹೋಗುವುದನ್ನು ಬಿಟ್ಟಿಲ್ಲ. ನಾನು ಬಾನೆಟ್ಟಿನ ಮೇಲೆ ನಾಲ್ಕು ಸಲ ಬಡಿದು, ಬಗ್ಗಿ ಎರಡು ಕಡೆಯೂ ನೋಡಿ, ಆಮೇಲೆ ಬಾಗಿಲು ತೆರೆಯುತ್ತೇನೆ. ಬೀದಿಯ ಹುಡುಗರು ಇದನ್ನು ನಕಲು ಮಾಡಿ ತೋರಿಸುತ್ತಾರೆಂದು ಕೇಳಿದ್ದೇನೆ.