ಎಳೆಯ ತೋಳು, ದೀರ್ಘ ಕರಾರು

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಪರಿಷ್ಕೃತ ಪಠ್ಯ)



ವೈದ್ಯರಾದ ನಮ್ಮನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯ ಬಗೆಗೋ ರಕ್ತದೊತ್ತಡದ ಬಗೆಗೋ ಮಾತನಾಡುವೆವೆಂದು ತಾವು ಎಣಿಸುವುದು ಸಹಜ. ಇಂದು ಅವೆರಡನ್ನೂ ಬದಿಗಿಟ್ಟು, ವೇಗವಾಗಿ ಚೆಂಡೆಸೆಯುವ ತರುಣನೊಬ್ಬನೊಂದಿಗೆ ದೀರ್ಘಕಾಲದ ಕರಾರು ಮಾಡಿಕೊಳ್ಳುವುದರ ಒಳಗುಟ್ಟನ್ನು ವಿವರಿಸಲು ಬಯಸುತ್ತೇವೆ. ಇದಕ್ಕೊಂದು ಕಾರಣವುಂಟು, ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಕರಾರು ಎಂಬ ಪದ ಕೊಲ್ಲಿ ನಾಡಿನ ಕನ್ನಡಿಗರಿಗೆ ಹೊಸದಲ್ಲ. ನಾವೆಲ್ಲರೂ ಒಂದಲ್ಲ ಒಂದು ಕರಾರಿನ ಕಾಗದವನ್ನು ಹಿಡಿದೇ ದೋಹಾದಲ್ಲಿ ಇಳಿದವರು. ಅವಧಿ ಮುಗಿಯುವ ತಿಂಗಳು ಹತ್ತಿರವಾದಂತೆ ನಿದ್ರೆ ಕೆಡುವುದು ಹೇಗೆಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಟಗಾರನ ಕರಾರೂ ಮೂಲತಃ ಅದೇ. ನಮ್ಮ ದುಡಿಮೆ ಮೂವತ್ತು ವರ್ಷ ನಡೆದೀತು. ಅವನದು ಹತ್ತು ವರ್ಷ ನಡೆದರೆ ಭಾಗ್ಯ.

ಈ ವಿದ್ಯೆ ಅತ್ಯಂತ ಸ್ಪಷ್ಟವಾಗಿ ಬೆಳೆದಿರುವುದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ. ಅಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಅಲ್ಲಿಯ ನಿಯಮದಂತೆ ಹೊಸ ಆಟಗಾರನು ಮೊದಲ ಆರು ವರ್ಷಗಳ ಸೇವೆ ಮುಗಿಯುವವರೆಗೆ ತನ್ನ ತಂಡವನ್ನು ತಾನಾಗಿ ಬಿಟ್ಟುಹೋಗುವಂತಿಲ್ಲ. ಅದರಲ್ಲಿ ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ವೇತನಕ್ಕೆ ಸಮೀಪದ ಸಂಬಳ, ಮುಂದಿನ ಮೂರು ವರ್ಷ ಮಧ್ಯಸ್ಥಗಾರರ ಮೂಲಕ ತೀರ್ಮಾನವಾಗುವ ಸಂಬಳ. ಆ ಬಳಿಕವೇ ಅವನು ಸ್ವತಂತ್ರನಾಗಿ ತನ್ನ ಬೆಲೆಯನ್ನು ಕೇಳಬಹುದು. ಆದುದರಿಂದ ಕೆಲವು ತಂಡಗಳು ಹುಡುಗನು ಮೊದಲ ವರ್ಷದಲ್ಲೇ ಹೊಳೆದರೆ, ಒಡನೆಯೇ ಆರೆಂಟು ವರ್ಷಗಳ ಕರಾರನ್ನು ಅವನ ಮುಂದಿಡುತ್ತವೆ.

ಇದರ ಲೆಕ್ಕಾಚಾರ ಮಲೆನಾಡಿನವರಿಗೆ ಬೇಗ ತಿಳಿಯುತ್ತದೆ. ಅಡಕೆ ತೋಟವನ್ನು ಚೇಣಿಗೆ ಕೊಡುವುದನ್ನು ತಾವು ಬಲ್ಲಿರಿ. ಕಾಯಿ ಇನ್ನೂ ಮರದಲ್ಲಿರುವಾಗಲೇ ಚೇಣಿದಾರನು ಫಸಲನ್ನು ಮಾತಾಡಿಕೊಳ್ಳುತ್ತಾನೆ. ಮಳೆ ಹೆಚ್ಚಿ ಕೊಳೆರೋಗ ಬಂದರೆ ನಷ್ಟ ಅವನದು. ಧಾರಣೆ ಏರಿದರೆ ಲಾಭವೂ ಅವನದೇ. ತೋಟದ ಯಜಮಾನನು ಏರಿದ ಧಾರಣೆಯ ಆಸೆಯನ್ನು ಬಿಟ್ಟುಕೊಟ್ಟು, ನೆಮ್ಮದಿಯನ್ನು ಕೊಂಡುಕೊಳ್ಳುತ್ತಾನೆ. ಎಳೆಯ ಪಿಚರ್ ಮಾಡುವುದೂ ಇದನ್ನೇ. ಇಲ್ಲಿ ತೋಟವೆಂದರೆ ಅವನ ತೋಳು.

ಒಂದು ನಿದರ್ಶನ ನೋಡೋಣ. ಅಟ್ಲಾಂಟಾ ಬ್ರೇವ್ಸ್ ತಂಡವು 2022ರ ಅಕ್ಟೋಬರ್‌ನಲ್ಲಿ ಸ್ಪೆನ್ಸರ್ ಸ್ಟ್ರೈಡರ್ ಎಂಬ 23 ವರ್ಷದ ಪಿಚರ್‌ನೊಂದಿಗೆ ಆರು ವರ್ಷಗಳಿಗೆ 7.5 ಕೋಟಿ ಡಾಲರ್‌ಗಳ ಕರಾರು ಮಾಡಿಕೊಂಡಿತು. ಆಗ ಅವನು ಆಡಿದ್ದುದು ಒಂದೇ ಪೂರ್ಣ ಋತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತೆಂದು ಯಾರಾದರೂ ನಕ್ಕಿರಬಹುದು. 2023ರಲ್ಲಿ ಅವನು 20 ಪಂದ್ಯಗಳನ್ನು ಗೆದ್ದು, 281 ದಾಂಡಿಗರನ್ನು ಸ್ಟ್ರೈಕ್‌ಔಟ್ ಮಾಡಿ ಇಡೀ ಲೀಗಿಗೆ ಮೊದಲಿಗನಾದನು. ತಂಡಕ್ಕೆ ಸುಗ್ಗಿಯೋ ಸುಗ್ಗಿ. ಆದರೆ 2024ರ ಏಪ್ರಿಲ್‌ನಲ್ಲಿ ಮೊಣಕೈಯ ಒಳಬದಿಯ ಕಟ್ಟುನರ ಘಾಸಿಗೊಂಡು ಶಸ್ತ್ರಕ್ರಿಯೆ ನಡೆಯಿತು. ಆ ಋತುವಿನಲ್ಲಿ ಅವನು ಆಡಿದ್ದು ಎರಡೇ ಪಂದ್ಯ. ಅದೇ ಮೊಣಕೈಗೆ ಕಾಲೇಜಿನ ದಿನಗಳಲ್ಲಿ, 2019ರಲ್ಲಿಯೇ ಒಮ್ಮೆ ಶಸ್ತ್ರಕ್ರಿಯೆಯಾಗಿತ್ತು. ಕರಾರಿನಿಂದಾಗಿ ಅವನ ಸಂಬಳ ನಿಲ್ಲಲಿಲ್ಲ. ಹಾಗಾದರೆ ಗೆದ್ದವರು ಯಾರು? ಮೊದಲ ವರ್ಷ ತಂಡ, ಎರಡನೆಯ ವರ್ಷ ಆಟಗಾರ. ಅಪಾಯವನ್ನು ಇಬ್ಬರೂ ಹಂಚಿಕೊಳ್ಳುವುದೇ ಇಂಥ ಕರಾರಿನ ಮರ್ಮ.

ಈಗ ವೈದ್ಯಕೀಯದ ಮಾತಿಗೆ ಬರೋಣ. ಕೈಯನ್ನು ಭುಜದ ಮೇಲಿನಿಂದ ಬೀಸಿ ಚೆಂಡನ್ನು ಅತಿ ವೇಗವಾಗಿ ಎಸೆಯುವಾಗ ಮೊಣಕೈಯ ಒಳಬದಿಯು ಹಿಗ್ಗಿ ಬಾಯಿ ಬಿಡಲು ಹವಣಿಸುತ್ತದೆ. ಅದನ್ನು ತಡೆದು ಹಿಡಿಯುವುದು ಕಿರಿದಾದ ಒಂದು ಕಟ್ಟುನರ. ಸ್ನಾಯುವನ್ನು ವ್ಯಾಯಾಮದಿಂದ ಬಲಪಡಿಸಬಹುದು. ಕಟ್ಟುನರವನ್ನು ಅಷ್ಟರಮಟ್ಟಿಗೆ ಬೆಳೆಸಲು ಬಾರದು. ಅದು ಹರಿದರೆ ಹಿಂದೆ ಆಟ ಮುಗಿದಂತೆಯೇ ಇತ್ತು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಬೇರೆಡೆಯ ಸ್ನಾಯುರಜ್ಜುವನ್ನು ತೆಗೆದು ಮೊಣಕೈಗೆ ಜೋಡಿಸಿದರು. ಆತ 1989ರವರೆಗೆ ಆಡಿದರು. ಇಂದು ಆ ಶಸ್ತ್ರಕ್ರಿಯೆಗೆ ರೋಗಿಯ ಹೆಸರೇ ಉಳಿದಿದೆ. ಆದರೂ ಮರಳಿ ಆಡಲು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಕ್ರಿಕೆಟ್ಟಿನ ವೇಗದ ಬೌಲರ್‌ಗೆ ಮೊದಲು ಸೋಲುವುದು ಹೆಚ್ಚಾಗಿ ಬೆನ್ನು. ಚೆಂಡು ಬಿಡುವ ಕ್ಷಣದಲ್ಲಿ ದೇಹವು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಅದೇ ಹೊತ್ತಿಗೆ ಮುಂದಿನ ಕಾಲು ನೆಲಕ್ಕೆ ಅಪ್ಪಳಿಸುತ್ತದೆ. ಸೊಂಟದ ಕಶೇರುಕದ ಹಿಂಬದಿಯ ತೆಳುವಾದ ಮೂಳೆ, ಸಾಮಾನ್ಯವಾಗಿ ಬೌಲಿಂಗ್ ಕೈಯ ಎದುರು ಬದಿಯದು, ಮತ್ತೆ ಮತ್ತೆ ದಣಿದು ಬಿರುಕು ಬಿಡುತ್ತದೆ. ಹರೆಯದ ಹುಡುಗರಲ್ಲಿ ಈ ಮೂಳೆ ಇನ್ನೂ ಪಕ್ವವಾಗಿರುವುದಿಲ್ಲ; ಆದಕಾರಣ ಅವರಿಗೇ ಈ ಬಾಧೆ ಹೆಚ್ಚು.

ನಮ್ಮ ನಾಡಿನ ಬೌಲರ್‌ಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮೈಸೂರಿನ ಜಾವಗಲ್ ಶ್ರೀನಾಥ್ ಅವರು 1997ರಲ್ಲಿ ಭುಜದ ಘಾಸಿಯಿಂದ ದೀರ್ಘಕಾಲ ಹೊರಗುಳಿದರೂ ಮರಳಿ ಬಂದು 236 ಟೆಸ್ಟ್ ವಿಕೆಟ್‌ಗಳೊಡನೆ ನಿವೃತ್ತರಾದರು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರನ್ನು 2022ರ ಐಪಿಎಲ್ ಹರಾಜಿನಲ್ಲಿ ರಾಜಸ್ಥಾನ್ ರಾಯಲ್ಸ್ 10 ಕೋಟಿ ರೂಪಾಯಿಗೆ ಕೊಂಡಿತು. ಬೆನ್ನುಮೂಳೆಯ ಬಿರುಕಿನಿಂದ 2023ರ ಐಪಿಎಲ್, ತೊಡೆಯ ಸ್ನಾಯುರಜ್ಜುವಿನ ಶಸ್ತ್ರಕ್ರಿಯೆಯಿಂದ 2024ರ ಐಪಿಎಲ್ ಅವರ ಕೈತಪ್ಪಿದವು. 2025ರಲ್ಲಿ ಗುಜರಾತ್ ಟೈಟನ್ಸ್ ಪರ 25 ವಿಕೆಟ್ ಪಡೆದು ಅವರು ಲೀಗಿಗೇ ಮೊದಲಿಗರಾದರು. ಎರಡು ವರ್ಷ ಕಾಯದಿದ್ದರೆ ಈ ಫಸಲು ಕೈಗೆ ಸಿಕ್ಕುತ್ತಿರಲಿಲ್ಲ.

ಭಾರತೀಯ ಕ್ರಿಕೆಟ್ ಮಂಡಳಿಯ ಕರಾರು ವರ್ಷಕ್ಕೊಮ್ಮೆಯದು. ಆದರೂ 2024ರ ಫೆಬ್ರವರಿಯಲ್ಲಿ ಮಂಡಳಿಯು ಐವರು ವೇಗದ ಬೌಲರ್‌ಗಳಿಗೆಂದೇ ಪ್ರತ್ಯೇಕ ಕರಾರುಗಳನ್ನು ಪ್ರಕಟಿಸಿತು. ಆಕಾಶ್ ದೀಪ್, ಉಮ್ರಾನ್ ಮಲಿಕ್, ಯಶ್ ದಯಾಳ್ ಅವರೊಡನೆ ಕರ್ನಾಟಕದ ವಿಜಯಕುಮಾರ್ ವೈಶಾಖ್ ಮತ್ತು ಕೊಡಗಿನ ವಿದ್ವತ್ ಕಾವೇರಪ್ಪ ಆ ಪಟ್ಟಿಯಲ್ಲಿದ್ದರು. ಐವರಲ್ಲಿ ಇಬ್ಬರು ನಮ್ಮವರೆಂಬುದು ಹೆಮ್ಮೆಯ ಸಂಗತಿ. ಇಂಗ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2023ರ ಅಕ್ಟೋಬರ್‌ನಲ್ಲಿ, ಪದೇ ಪದೇ ಗಾಯಗೊಂಡ ಮಾರ್ಕ್ ವುಡ್ ಅವರಿಗೆ ಮೂರು ವರ್ಷಗಳ ಕರಾರು ನೀಡಿತು. ನಮ್ಮ ದೃಷ್ಟಿಯಲ್ಲಿ ಇಂಥ ಕರಾರಿನ ನಿಜವಾದ ಬೆಲೆ ಹಣದಲ್ಲಿಲ್ಲ. ನೋವಾದಾಗ ‘ನೋವಾಗಿದೆ’ ಎಂದು ಹೇಳುವ ಧೈರ್ಯವನ್ನು ಅದು ಆಟಗಾರನಿಗೆ ಕೊಡುತ್ತದೆ. ನಾಳೆಯ ಅನ್ನದ ಭಯವುಳ್ಳವನು ನೋವನ್ನು ಮುಚ್ಚಿಡುತ್ತಾನೆ.

ಕರಾರಿಗೆ ಮೊದಲು ವೈದ್ಯರು ಪರೀಕ್ಷಿಸುವುದಿಲ್ಲವೇ ಎಂದು ತಾವು ಕೇಳಬಹುದು. ಪರೀಕ್ಷಿಸುತ್ತಾರೆ. ಆದರೆ ಯಾವ ನೋವೂ ಇಲ್ಲದ ಪಿಚರ್‌ಗಳ ಭುಜ ಮೊಣಕೈಗಳ ಎಂಆರ್‌ಐ ಚಿತ್ರದಲ್ಲಿಯೂ ಸವೆತದ ಗುರುತುಗಳು ಅನೇಕ ವೇಳೆ ಕಾಣುತ್ತವೆ. ಇಂದಿನ ಸ್ಥಿತಿಯನ್ನು ಚಿತ್ರ ತೋರಿಸೀತು. ನಾಳಿನ ಭವಿಷ್ಯವನ್ನು ನುಡಿಯಲಾರದು. ಆ ಮಟ್ಟಿಗೆ ವೈದ್ಯನೂ ಚೇಣಿದಾರನಂತೆ ಆಕಾಶ ನೋಡುವವನೇ.

ಇನ್ನು ನಮ್ಮ ಅರಿಕೆ. ಕೆಲಕಾಲದ ಹಿಂದೆ ಕನ್ನಡದ ಕುಟುಂಬವೊಂದರ ಹುಡುಗನನ್ನು ಅವನ ತಂದೆ ನಮ್ಮ ಬಳಿಗೆ ಕರೆತಂದರು. ವಾರವಿಡೀ ಶಾಲೆ, ಸಂಜೆ ನೆಟ್ಸ್, ಶುಕ್ರವಾರ ಶನಿವಾರ ಎರಡೆರಡು ತಂಡಗಳಿಗೆ ಪಂದ್ಯ. ‘ಡಾಕ್ಟ್ರೇ, ರಜೆಯಲ್ಲಿ ಬೆಂಗಳೂರಿನಲ್ಲಿ ಆಯ್ಕೆ ಇದೆ, ಅಲ್ಲಿಯವರೆಗೆ ಏನಾದರೂ ಕೊಡಿ’ ಎಂದರು. ಸ್ನಾಯು ಸೆಳೆತವೆಂದು ಬಗೆದು ನಾವು ಒಂದು ವಾರದ ಮಾತ್ರೆ ಬರೆದುಕೊಟ್ಟೆವು. ನೋವು ತಗ್ಗಿತು, ಹುಡುಗ ಬೌಲಿಂಗ್ ಮುಂದುವರಿಸಿದ. ಮೂರು ವಾರಗಳ ಮೇಲೆ ತೆಗೆದ ಚಿತ್ರದಲ್ಲಿ ಬಿರುಕು ಕಂಡಿತು. ಆ ವರ್ಷದ ಆಟ ಹೋಯಿತು, ಆಯ್ಕೆಯೂ ಹೋಯಿತು. ತಪ್ಪು ತಂದೆಯದಲ್ಲ, ಹುಡುಗನದಲ್ಲ, ನಮ್ಮದು. ಎಷ್ಟು ಚೆಂಡು ಎಸೆಯುತ್ತೀಯಪ್ಪಾ ಎಂಬ ಒಂದು ಪ್ರಶ್ನೆಯನ್ನು ನಾವು ಕೇಳಲಿಲ್ಲ.

ಆದಕಾರಣ ತಾಯ್ತಂದೆಯರಲ್ಲಿ ಮೂರು ಮಾತು. ಮಗನೋ ಮಗಳೋ ಎಸೆದ ಚೆಂಡುಗಳನ್ನು ಪುಸ್ತಕದಲ್ಲಿ ಬರೆದಿಡಿ. ನೆಟ್ಸ್‌ನಲ್ಲಿ ಎಸೆದುದೂ ಲೆಕ್ಕಕ್ಕೆ ಬರಲಿ. ಅಮೆರಿಕದಲ್ಲಿ 2014ರಿಂದ ಮಾರ್ಗಸೂಚಿಯೊಂದಿದೆ: 11–12 ವಯಸ್ಸಿನವರು ದಿನಕ್ಕೆ 85ಕ್ಕಿಂತ ಹೆಚ್ಚು ಪಿಚ್ ಎಸೆಯಬಾರದು, 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಎರಡನೆಯದು, ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಒಂದೇ ಬದಿಯಲ್ಲಿ ನೋವೆಂದರೆ ಮಾತ್ರೆಯಲ್ಲಿ ಅಡಗಿಸದೆ ತಜ್ಞರಿಗೆ ತೋರಿಸಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಆರಂಭದ ಬಿರುಕು ಕಾಣದಿರುವುದುಂಟು. 2007ರಲ್ಲಿ ತೆರೆದ ಆಸ್ಪೆಟಾರ್‌ನಂಥ ಕ್ರೀಡಾ ವೈದ್ಯಕೀಯ ಆಸ್ಪತ್ರೆ ನಮ್ಮ ದೋಹಾದಲ್ಲಿಯೇ ಇದೆ. ಮೂರನೆಯದು, ವರ್ಷದಲ್ಲಿ ಕೆಲವು ತಿಂಗಳಾದರೂ ಚೆಂಡನ್ನು ಕೆಳಗಿಡಿಸಿ. ಇಲ್ಲಿನ ಬೇಸಗೆಯೇ ಅದಕ್ಕೆ ತಕ್ಕ ಕಾಲ.

ಮಕ್ಕಳೊಂದಿಗೆ ನಾವು ಯಾವ ಕಾಗದಕ್ಕೂ ರುಜು ಹಾಕಿಲ್ಲ. ಆದರೂ ಅವರ ಎಳೆಯ ದೇಹವನ್ನು ನಮ್ಮ ಆಸೆಗಳಿಗೆ ಚೇಣಿಗೆ ಕೊಟ್ಟಿರುತ್ತೇವೆ. ಆ ಕರಾರಿನಲ್ಲಿ ನಷ್ಟ ಅವರ ಪಾಲಿಗೆ ಬಾರದಂತೆ ನೋಡಿಕೊಳ್ಳೋಣ.