ಕಾಲೇಜು ಕ್ರೀಡೆಯಲ್ಲಿ ಕೋಟಿಗಳ ಪೈಪೋಟಿ: ಅಮೆರಿಕದ ಸರಕಾರಿ ಮತ್ತು ಖಾಸಗಿ ವಿಶ್ವವಿದ್ಯಾನಿಲಯಗಳು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲೊರೆಟ್ಟೊ ಎಂಬ ಪುಟ್ಟ ಊರಿನಲ್ಲಿ ಫ್ರಾನ್ಸಿಸ್ಕನ್ ಪರಂಪರೆಯ ಸಂತ ಫ್ರಾನ್ಸಿಸ್ ವಿಶ್ವವಿದ್ಯಾನಿಲಯವಿದೆ. 2025ರ ಮಾರ್ಚ್ ತಿಂಗಳಲ್ಲಿ ಇಲ್ಲಿನ ಪುರುಷರ ಬಾಸ್ಕೆಟ್‌ಬಾಲ್ ತಂಡವು ಪ್ರತಿಷ್ಠಿತ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿತು. ಅದಾಗಿ ಒಂದು ವಾರದಲ್ಲೇ ಆಡಳಿತ ಮಂಡಳಿಯು, ಕಾಲೇಜು ಕ್ರೀಡೆಯ ಮೊದಲ ವಿಭಾಗವನ್ನು ಬಿಟ್ಟು ಮೂರನೇ ವಿಭಾಗಕ್ಕೆ ಹೋಗುವುದಾಗಿ ಪ್ರಕಟಿಸಿತು. ಮೂರನೇ ವಿಭಾಗದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ನೀಡುವಂತಿಲ್ಲ. ಅಂತಹ ಸಂಸ್ಥೆಯೇ ಹಿಂದೆ ಸರಿಯಲು ಕಾರಣವೇನು? ಉತ್ತರವನ್ನು ಹಣದ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ.

ಹಣ ಎಲ್ಲಿಂದ ಬಂತು?

ಅಮೆರಿಕದಲ್ಲಿ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಇದರ ಆರಂಭ 1906ರಲ್ಲಿ. ಬಹಳ ವರ್ಷಗಳ ಕಾಲ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ಟಿವಿ ಪ್ರಸಾರವನ್ನು ಈ ಸಂಸ್ಥೆಯೇ ಹಂಚುತ್ತಿತ್ತು. (ಇದು ನಾವು ಆಡುವ ಕಾಲ್ಚೆಂಡಲ್ಲ, ಅಂಡಾಕಾರದ ಚೆಂಡಿನ ಬೇರೆಯೇ ಆಟ.) 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಏಕಸ್ವಾಮ್ಯವನ್ನು ರದ್ದುಪಡಿಸಿತು. ಅಂದಿನಿಂದ ವಿಶ್ವವಿದ್ಯಾನಿಲಯಗಳೂ ಅವುಗಳ ಒಕ್ಕೂಟಗಳೂ ತಾವೇ ಟಿವಿ ಕಂಪೆನಿಗಳೊಂದಿಗೆ ಒಪ್ಪಂದ ಮಾಡಿಕೊಳ್ಳತೊಡಗಿದವು. ಪವಿತ್ರ ಶಿಲುಬೆಯ ಸಭೆಯ ಗುರುಗಳು 1842ರಲ್ಲಿ ಸ್ಥಾಪಿಸಿದ ನೋಟ್ರ್ ಡೇಮ್ ವಿಶ್ವವಿದ್ಯಾನಿಲಯವು 1991ರಿಂದ ತನ್ನ ಊರಿನಲ್ಲಿ ನಡೆಯುವ ಫುಟ್‌ಬಾಲ್ ಪಂದ್ಯಗಳನ್ನು ಎನ್‌ಬಿಸಿ ವಾಹಿನಿಗೆ ನೀಡುತ್ತಾ ಬಂದಿದೆ. 2022ರಲ್ಲಿ ಬಿಗ್ ಟೆನ್ ಒಕ್ಕೂಟವು ಮೂರು ವಾಹಿನಿಗಳೊಂದಿಗೆ ಏಳು ವರ್ಷಗಳಿಗೆ ಮಾಡಿಕೊಂಡ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು.

ಬಂದುದೆಲ್ಲಾ ಖರ್ಚಾಗುವುದೇಕೆ?

ವಿಶ್ವವಿದ್ಯಾನಿಲಯಗಳಿಗೆ ಲಾಭಾಂಶ ಕೇಳುವ ಮಾಲೀಕರಿಲ್ಲ. ಹಾಗಾಗಿ ಕ್ರೀಡೆಯಿಂದ ಬಂದ ಹಣ ಕ್ರೀಡೆಗೇ ಹೋಗುತ್ತದೆ. ಆದರೆ ಪಂದ್ಯದಲ್ಲಿ ಗೆಲ್ಲುವವರು ಒಬ್ಬರೇ. ಒಬ್ಬರು ಹೊಸ ಕ್ರೀಡಾಂಗಣ ಕಟ್ಟಿದರೆ ಇನ್ನೊಬ್ಬರೂ ಕಟ್ಟಬೇಕು. ಎಲ್ಲರೂ ಖರ್ಚು ಇಮ್ಮಡಿ ಮಾಡಿದರೂ ಸೋಲುಗೆಲುವಿನ ಲೆಕ್ಕ ಬದಲಾಗುವುದಿಲ್ಲ, ಖರ್ಚು ಮಾತ್ರ ಇಮ್ಮಡಿಯಾಗುತ್ತದೆ. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ಎಂಬ ಸರಕಾರಿ ವಿಶ್ವವಿದ್ಯಾನಿಲಯವು ತನ್ನ ಫುಟ್‌ಬಾಲ್ ತರಬೇತುದಾರರನ್ನು ಕರಾರು ಮುಗಿಯುವ ಮೊದಲೇ ಕೈಬಿಟ್ಟಿತು. ಅದಕ್ಕಾಗಿ ಅವರಿಗೆ ಕೊಡಬೇಕಾಗಿ ಬಂದದ್ದು ಸುಮಾರು 7.6 ಕೋಟಿ ಡಾಲರ್!

ಸರಕಾರಿ ಮತ್ತು ಖಾಸಗಿ: ಎರಡು ದಾರಿಗಳು

ಸರಕಾರಿ ವಿಶ್ವವಿದ್ಯಾನಿಲಯಗಳಿಗೆ ದೊಡ್ಡ ಕ್ರೀಡಾಂಗಣ, ಇಡೀ ರಾಜ್ಯದ ಅಭಿಮಾನಿಗಳು, ಲಕ್ಷಾಂತರ ಹಳೆ ವಿದ್ಯಾರ್ಥಿಗಳ ಬಲವಿದೆ. ಟಿವಿ ಹಣ ಕಡಿಮೆ ಇರುವ ಸಂಸ್ಥೆಗಳು ಪ್ರತಿ ವಿದ್ಯಾರ್ಥಿಯಿಂದ ಕ್ರೀಡಾ ಶುಲ್ಕ ಸಂಗ್ರಹಿಸುತ್ತವೆ. ಪಂದ್ಯ ನೋಡಲು ಒಮ್ಮೆಯೂ ಹೋಗದ, ಸಾಲ ಮಾಡಿ ಓದುವ ವಿದ್ಯಾರ್ಥಿಯೂ ಇದನ್ನು ಕಟ್ಟಲೇಬೇಕು. ಇಂತಹ ನೆರವಿಗೆ ಮಿತಿ ಹಾಕಲು ವರ್ಜೀನಿಯಾ ರಾಜ್ಯವು 2015ರಲ್ಲಿ ಕಾನೂನನ್ನೇ ತಂದಿತು.

ಖಾಸಗಿ ಸಂಸ್ಥೆಗಳ ಆಸರೆ ದಾನಿಗಳು. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯವು ಎಸಿಸಿ ಎಂಬ ದೊಡ್ಡ ಒಕ್ಕೂಟವನ್ನು ಸೇರುವುದಕ್ಕಾಗಿ ಒಂಬತ್ತು ವರ್ಷಗಳ ಟಿವಿ ಹಣವನ್ನೇ ಬಿಟ್ಟುಕೊಡಲು ಒಪ್ಪಿತು. 2023ರಲ್ಲಿ ಈ ಸುದ್ದಿ ಹೊರಬಿದ್ದ ಒಂದು ವಾರದೊಳಗೆ ದಾನಿಗಳು 10 ಕೋಟಿ ಡಾಲರ್ ನೀಡಿದರು. ಅಷ್ಟು ಶ್ರೀಮಂತ ದಾನಿಗಳಿಲ್ಲದ ಸಣ್ಣ ಖಾಸಗಿ ಸಂಸ್ಥೆಗಳ ಗತಿಯೇನು ಎಂಬುದೇ ಪ್ರಶ್ನೆ. ಶ್ರೀಮಂತ ಸ್ಟ್ಯಾನ್‌ಫರ್ಡ್ ಕೂಡಾ 2020ರಲ್ಲಿ 11 ಕ್ರೀಡೆಗಳನ್ನು ಕೈಬಿಡಲು ಹೊರಟಿತ್ತು. ಭಾರೀ ವಿರೋಧದ ಬಳಿಕ 2021ರಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು.

ಇನ್ನೊಂದು ವ್ಯತ್ಯಾಸವೂ ಗಮನಾರ್ಹ. ಸರಕಾರಿ ಸಂಸ್ಥೆಗಳು ಮಾಹಿತಿ ಹಕ್ಕಿನಂತಹ ಕಾನೂನುಗಳಿಗೆ ಒಳಪಟ್ಟಿರುವುದರಿಂದ ಅವುಗಳ ಕರಾರುಪತ್ರಗಳನ್ನು ಜನರು ಕೇಳಿ ಪಡೆಯಬಹುದು. ಖಾಸಗಿ ಸಂಸ್ಥೆಗಳೂ ಕೇಂದ್ರ ಸರಕಾರಕ್ಕೆ ವಾರ್ಷಿಕ ವರದಿ ಕೊಡಬೇಕಾದರೂ ಒಳಗಿನ ವಿವರಗಳು ಅಷ್ಟಾಗಿ ಹೊರಬರುವುದಿಲ್ಲ.

ಈಗ ಆಟಗಾರರಿಗೂ ಪಾಲು

ಇಷ್ಟೆಲ್ಲಾ ಹಣ ಹರಿದರೂ ಆಟಗಾರರಿಗೆ ಸಿಗುತ್ತಿದ್ದುದು ಮುಖ್ಯವಾಗಿ ವಿದ್ಯಾರ್ಥಿವೇತನ ಮಾತ್ರ. ಇದು ಅನ್ಯಾಯವೆಂಬ ದೂರು ಹಳೆಯದು, ಅದರಲ್ಲಿ ಹುರುಳೂ ಇತ್ತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಜಾಹೀರಾತು ಹಣ ಗಳಿಸಲು ಅವಕಾಶವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ನಿಗದಿಯಾಯಿತು. 2025-26ರ ಸಾಲಿನಲ್ಲಿ ಒಂದೊಂದು ವಿಶ್ವವಿದ್ಯಾನಿಲಯ ತನ್ನ ಆಟಗಾರರಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ ಹಂಚಲು ಅನುಮತಿ ದೊರೆಯಿತು. ಆಟಗಾರರಿಗೆ ನ್ಯಾಯ ಸಿಕ್ಕಿತು, ಆದರೆ ಪೈಪೋಟಿಯ ಬೆಲೆ ಮತ್ತಷ್ಟು ಏರಿತು. ಲೊರೆಟ್ಟೊದಂತಹ ಸಂಸ್ಥೆಗಳು ಹಿಂದೆ ಸರಿದ ಹಿನ್ನೆಲೆ ಇದೇ.

ಕಥೋಲಿಕ ಸಂಸ್ಥೆಗಳು ಕಂಡುಕೊಂಡ ದಾರಿ

ಈ ಓಟವನ್ನು ತಡೆಯುವ ಯತ್ನಗಳೂ ನಡೆದಿವೆ. 1989ರಲ್ಲಿ ರಚನೆಯಾದಾಗ ನೈಟ್ ಆಯೋಗಕ್ಕೆ ಇಬ್ಬರು ಸಹ ಅಧ್ಯಕ್ಷರಿದ್ದರು. ಒಬ್ಬರು ನೋಟ್ರ್ ಡೇಮ್‌ನ ಮಾಜಿ ಅಧ್ಯಕ್ಷರಾದ ವಂದನೀಯ ಫಾದರ್ ಥಿಯೋಡರ್ ಹೆಸ್‌ಬರ್ಗ್, ಇನ್ನೊಬ್ಬರು ಉತ್ತರ ಕೆರೊಲಿನಾದ ಸರಕಾರಿ ವಿಶ್ವವಿದ್ಯಾನಿಲಯದ ಮಾಜಿ ಅಧ್ಯಕ್ಷರಾದ ವಿಲಿಯಂ ಫ್ರೈಡೇ. ಕ್ರೀಡೆಯ ಹಿಡಿತ ಹಣಕೊಟ್ಟವರ ಕೈಯಲ್ಲಲ್ಲ, ವಿಶ್ವವಿದ್ಯಾನಿಲಯದ ಅಧ್ಯಕ್ಷರ ಕೈಯಲ್ಲಿರಬೇಕು ಎಂಬುದು 1991ರ ಅವರ ವರದಿಯ ಸಾರ.

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯವನ್ನು ನಡೆಸುವವರು ಯೇಸುಸಭೆಯವರು, ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಗಳನ್ನು ನಡೆಸುವ ಅದೇ ಸಭೆ. 1955 ಮತ್ತು 1956ರಲ್ಲಿ ಬಾಸ್ಕೆಟ್‌ಬಾಲ್ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಈ ಸಂಸ್ಥೆಯಲ್ಲಿ ನಿಯಮಗಳ ಉಲ್ಲಂಘನೆ ಮರುಕಳಿಸಿದಾಗ, 1982ರಲ್ಲಿ ಅಧ್ಯಕ್ಷ ಫಾದರ್ ಜಾನ್ ಲೊ ಸ್ಕಿಯಾವೊ ತಂಡವನ್ನೇ ನಿಲ್ಲಿಸಿಬಿಟ್ಟರು. 1985ರಲ್ಲಿ ಅದು ಮರಳಿ ಆರಂಭವಾಯಿತು. ಮುಂದೆ 2013ರಲ್ಲಿ ಏಳು ಕಥೋಲಿಕ ವಿಶ್ವವಿದ್ಯಾನಿಲಯಗಳು ಫುಟ್‌ಬಾಲ್ ಹಣದ ಹಿಂದೆ ಓಡುವ ಒಕ್ಕೂಟದಿಂದ ಬೇರ್ಪಟ್ಟು ಬಾಸ್ಕೆಟ್‌ಬಾಲಿಗೆ ಆದ್ಯತೆ ನೀಡಿದವು. ಫುಟ್‌ಬಾಲ್ ತಂಡಕ್ಕೆ ನೂರರಷ್ಟು ಆಟಗಾರರು ಬೇಕು, ಬಾಸ್ಕೆಟ್‌ಬಾಲಿಗೆ ಹದಿನೈದು ಮಂದಿ ಸಾಕು. ಈ ಏಳರಲ್ಲಿ ಒಂದಾದ ವಿಲ್ಲನೋವಾ 2016 ಮತ್ತು 2018ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಜಗದ್ಗುರು ಹದಿನಾಲ್ಕನೇ ಲಿಯೋ 1977ರಲ್ಲಿ ಪದವಿ ಪಡೆದದ್ದು ಇದೇ ವಿದ್ಯಾಸಂಸ್ಥೆಯಲ್ಲಿ.

ನಾವು ಗಮನಿಸಬೇಕಾದುದು

ನಮ್ಮ ಧರ್ಮಕೇಂದ್ರಗಳಿಂದಲೂ ಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳುತ್ತಾರೆ. ಅರ್ಜಿ ಹಾಕುವಾಗ ಶುಲ್ಕದ ಪಟ್ಟಿಯಲ್ಲಿ ಕ್ರೀಡಾ ಶುಲ್ಕ ಎಷ್ಟಿದೆ ಎಂದು ಹೆತ್ತವರು ವಿಚಾರಿಸುವುದು ಒಳಿತು. ಕ್ರೀಡೆಯ ಕುರಿತು ವ್ಯಾಟಿಕನ್ 2018ರಲ್ಲಿ ಹೊರಡಿಸಿದ ದಾಖಲೆಯು ಕ್ರೀಡೆಯನ್ನು ಮಾನವನ ಸಮಗ್ರ ಬೆಳವಣಿಗೆಯ ಸಾಧನವೆಂದು ಕಂಡಿದೆ, ಜೊತೆಗೆ ಭ್ರಷ್ಟತೆಯ ಅಪಾಯವನ್ನೂ ಎತ್ತಿ ತೋರಿಸಿದೆ. ಆಟ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಆಟದ ಖರ್ಚನ್ನು ಯಾರು ಭರಿಸುತ್ತಿದ್ದಾರೆ, ಅದರ ಪ್ರಯೋಜನ ಯಾವ ವಿದ್ಯಾರ್ಥಿಗೆ ಸಿಗುತ್ತಿದೆ ಎಂಬ ಪ್ರಶ್ನೆಯನ್ನು ವಿದ್ಯಾಸಂಸ್ಥೆ ನಡೆಸುವವರೆಲ್ಲರೂ ಆಗಾಗ ಕೇಳಿಕೊಳ್ಳಬೇಕು. ಲೊರೆಟ್ಟೊದವರು ಅದನ್ನು ಕೇಳಿಕೊಂಡರು. ಅಲ್ಲಿ ಆಟ ನಿಲ್ಲುವುದಿಲ್ಲ, ಪೈಪೋಟಿಯ ಹೊರೆ ಮಾತ್ರ ಇಳಿಯಲಿದೆ.