ತಾಮ್ರದೊಡನೆ ಬಾಳು

ತಾಮ್ರ ನಮ್ಮ ಮನೆಗಳಲ್ಲಿ ಮಂಗಳದ ಲೋಹ. ಪೂಜೆಯ ಕಲಶ, ಬಚ್ಚಲಿನ ಹಂಡೆ, ರಾತ್ರಿ ನೀರು ತುಂಬಿಡುವ ಚೆಂಬು, ಎಲ್ಲವೂ ಅದರವೇ. ಆಹಾರದೊಡನೆ ಅತ್ಯಲ್ಪ ಪ್ರಮಾಣದಲ್ಲಿ ಒಳಸೇರುವ ತಾಮ್ರ ದೇಹಕ್ಕೂ ಅವಶ್ಯಕ. ಮಿಕ್ಕುದನ್ನು ಯಕೃತ್ತು ಪಿತ್ತರಸದೊಡನೆ ಹೊರಗೆ ಸಾಗಿಸುತ್ತದೆ. ನನ್ನ ಯಕೃತ್ತಿಗೆ ಈ ಕೆಲಸ ಹುಟ್ಟಿನಿಂದಲೂ ಸಾಧ್ಯವಾಗಿಲ್ಲ. ನನಗೆ ಹನ್ನೊಂದು ವರ್ಷವಾಗಿದ್ದಾಗ, ಕಾಮಾಲೆಯ ಕಾರಣ ಹುಡುಕುತ್ತಿದ್ದ ವೈದ್ಯರಿಗೆ ಇದು ತಿಳಿದುಬಂತು.

ಇದರ ಹೆಸರು ವಿಲ್ಸನ್ ಕಾಯಿಲೆ. ಲಂಡನ್ನಿನ ನರರೋಗತಜ್ಞ ಕಿನ್ನಿಯರ್ ವಿಲ್ಸನ್ 1912ರಲ್ಲಿ ಇದನ್ನು ವಿವರಿಸಿದರು. ಸುಮಾರು 30,000 ಮಂದಿಯಲ್ಲಿ ಒಬ್ಬರಿಗೆ ಇದು ಇರುವುದೆಂದು ಅಂದಾಜು. ಹೊರಹೋಗದ ತಾಮ್ರ ಯಕೃತ್ತಿನಲ್ಲಿ ತುಂಬಿ, ಬಳಿಕ ಮಿದುಳನ್ನು ಸೇರುತ್ತದೆ. ಆಗ ಕೈ ನಡುಗುತ್ತದೆ, ಮಾತು ತೊದಲುತ್ತದೆ, ಸ್ವಭಾವವೂ ಕದಡಬಹುದು. ಅನೇಕರ ಕಣ್ಣಾಲಿಯ ಅಂಚಿನಲ್ಲಿ ಕಂದುಬಣ್ಣದ ಬಳೆಯೊಂದು ಮೂಡುತ್ತದೆ.

ಒಂದು ಕಾಲದಲ್ಲಿ ಇದು ಮರಣಶಾಸನವೇ ಆಗಿತ್ತು. 1956ರಲ್ಲಿ ಜಾನ್ ವಾಲ್ಷ್ ಎಂಬ ಆಂಗ್ಲ ವೈದ್ಯರು ಪೆನಿಸಿಲಮೈನ್ ಔಷಧಿಯನ್ನು ಬಳಕೆಗೆ ತಂದರು. ಅದು ತಾಮ್ರವನ್ನು ಹಿಡಿದು ಮೂತ್ರದ ಮೂಲಕ ಹೊರದೂಡುತ್ತದೆ. ಸತುವಿನ ಲವಣಗಳು ತಾಮ್ರವನ್ನು ಕರುಳಿನಲ್ಲಿಯೇ ತಡೆಯುತ್ತವೆ.

ಬಾಲ್ಯದಲ್ಲಿ ತಾಯಿ ಗುಳಿಗೆ ನುಂಗಿಸುತ್ತಿದ್ದರು. ಪ್ರಾಯಕ್ಕೆ ಬಂದ ಮೇಲೆ ಆ ಹೊಣೆ ನನ್ನದಾಯಿತು. ನೋವಿಲ್ಲ, ನಡುಕವಿಲ್ಲ, ಕಚೇರಿಯ ಕೆಲಸಕ್ಕೆ ಅಡ್ಡಿಯಿಲ್ಲ. “ಗಟ್ಟಿಮುಟ್ಟಾಗಿದ್ದೀಯಲ್ಲ, ಇನ್ನೂ ಯಾಕಪ್ಪಾ ಮಾತ್ರೆ?” ಎಂದು ಬಂಧುಗಳು ಕೇಳುತ್ತಾರೆ. ಮಾತ್ರೆಯಿಂದಲೇ ಗಟ್ಟಿಯಾಗಿದ್ದೇನೆಂದು ವಿವರಿಸುವುದು ಸುಲಭವಲ್ಲ. ಚೆನ್ನಾಗಿದ್ದೇವೆಂದು ಔಷಧಿ ಬಿಟ್ಟವರಲ್ಲಿ ಕೆಲವರು ಕೆಲವೇ ವರ್ಷಗಳಲ್ಲಿ ಯಕೃತ್ತು ಸೋತು ತೀರಿಕೊಂಡದ್ದುಂಟು.

ಮದುವೆಯ ಮಾತು ಬಂದಾಗ ಪ್ರಶ್ನೆಗಳು ಇನ್ನೂ ಕಠಿಣವಾದವು. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನು ಬಂದರೆ ಮಾತ್ರ ಕಾಯಿಲೆ ತಲೆದೋರುತ್ತದೆ. ನನ್ನ ತಾಯಿ ಸೋದರಮಾವನನ್ನೇ ಮದುವೆಯಾದವರು. ರಕ್ತಸಂಬಂಧದಲ್ಲಿ ಇಂಥ ಜೀನುಗಳೆರಡು ಕೂಡುವ ಸಂಭವ ಹೆಚ್ಚು. ಅವರು ಬಹುಕಾಲ ತಮ್ಮನ್ನೇ ಹಳಿದುಕೊಂಡರು. ತಿಳಿಯದೆ ಹೊತ್ತು ತಂದುದಕ್ಕೆ ಯಾರನ್ನು ದೂಷಿಸುವುದು? ನನ್ನ ಮಕ್ಕಳಿಗೆ ಒಂದೊಂದು ಜೀನು ಬರುವುದು ನಿಶ್ಚಯ. ಆದರೆ ಸಂಗಾತಿಯಲ್ಲಿ ಆ ದೋಷವಿಲ್ಲದಿದ್ದರೆ ಕಾಯಿಲೆ ಬಾರದು. ಇಷ್ಟನ್ನು ಮುಚ್ಚಿಡದೆ ಹೇಳಿದೆ. ಎರಡು ಸಂಬಂಧಗಳು ಮುರಿದುಬಿದ್ದವು. ಮೂರನೆಯವರು ಕೇಳಿ, ಯೋಚಿಸಿ, ಒಪ್ಪಿದರು.

ರೋಗಿಯ ಒಡಹುಟ್ಟಿದ ಪ್ರತಿಯೊಬ್ಬರಿಗೂ ಇದು ಇರುವ ಸಂಭವ ನಾಲ್ಕರಲ್ಲಿ ಒಂದು. ನನ್ನ ತಂಗಿಗೆ ಆಟವಾಡುವ ವಯಸ್ಸಿನಲ್ಲೇ ಪರೀಕ್ಷೆ ಮಾಡಿಸಿದರು, ಅವಳಿಗೂ ಇತ್ತು. ಲಕ್ಷಣ ತೋರುವ ಮುನ್ನವೇ ಔಷಧಿ ಆರಂಭವಾದುದರಿಂದ ಅವಳು ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ. ಕಾರಣ ತಿಳಿಯದ ಕಾಮಾಲೆಯೋ ನಡುಕವೋ ಇರುವ ಮಗು ಮನೆಯಲ್ಲಿದ್ದರೆ, ಈ ಕಾಯಿಲೆಯ ಬಗ್ಗೆಯೂ ವೈದ್ಯರನ್ನು ಕೇಳಿರಿ. ಅದು ಖಚಿತವಾದರೆ, ಅಣ್ಣತಮ್ಮ, ಅಕ್ಕತಂಗಿಯರನ್ನೂ ಜೊತೆಗೆ ಕರೆದೊಯ್ಯಿರಿ.